ಎಲ್ಲಿದ್ದೀಯ ಎಂದು ಕೇಳುವ ಕೆಲಸ

ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಮದುವೆ ಮನೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಹಿಡಿದು ನಿಲ್ಲಿಸಿ ಕೇಳುವುದು ಒಂದೇ ಪ್ರಶ್ನೆ: "ಸಾರ್, ನಿಮ್ಮ ಸರ್ವೀಸಲ್ಲಿ ದೊಡ್ಡ ಕೇಸು ಯಾವ್ದು?" ಕೊಲೆ, ದರೋಡೆ, ಬೆನ್ನಟ್ಟಿ ಹಿಡಿದದ್ದು ಇಂಥದ್ದೇನಾದರೂ ಬರುತ್ತದೆ ಎಂದು ಕಿವಿ ನಿಮಿರಿಸಿಕೊಂಡು ನಿಲ್ಲುತ್ತಾರೆ. ನಾನು ಕಲಾಯಿ ದಾದಾಪೀರನ ವಿಷಯ ಎತ್ತಿದರೆ ಮೆಲ್ಲಗೆ ಮೊಬೈಲು ತೆಗೆಯುತ್ತಾರೆ. ಅದಕ್ಕೇ ಬಾಯಲ್ಲಿ ಹೇಳುವುದು ಬಿಟ್ಟು ಬರೆಯಲು ಕೂತಿದ್ದೇನೆ.

ನಾನು ಚಿತ್ರದುರ್ಗ ಜಿಲ್ಲೆಯ ಠಾಣೆಗಳಲ್ಲೇ ಪೇದೆಯಾಗಿ, ದಫೇದಾರನಾಗಿ, ಕೊನೆಗೆ ಎ.ಎಸ್.ಐ. ಆಗಿ ನಿವೃತ್ತನಾದವನು. ಬಡ್ತಿ ಸಿಕ್ಕ ಕಥೆ, ಸಿಗದ ಕಥೆ ಹೇಳಿ ನಿಮ್ಮ ಪ್ರಾಣ ತಿನ್ನುವುದಿಲ್ಲ. ಈ ಪ್ರಸಂಗ ನಡೆದ ಠಾಣೆ ಯಾವುದೆಂದೂ ಹೇಳುವುದಿಲ್ಲ. ಅಲ್ಲಿದ್ದವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಒಬ್ಬಿಬ್ಬರು ನನ್ನ ಮಗಳ ಮದುವೆಗೂ ಬಂದು ಉಂಡು ಹೋಗಿದ್ದಾರೆ.

ಕಾನೂನಿನಲ್ಲಿ ಒಂದು ಕಲಮಿದೆ. ತರಬೇತಿಯಲ್ಲಿ ನಿಮಗೂ ಹೇಳಿರುತ್ತಾರೆ, ನೀವು ಆ ಹೊತ್ತಿಗೆ ತೂಕಡಿಸುತ್ತಿರುತ್ತೀರಿ. ಕಳ್ಳತನದಂಥ ಅಪರಾಧದಲ್ಲಿ ಎರಡನೇ ಸಲವೂ ದೊಡ್ಡ ಶಿಕ್ಷೆಯಾದವನಿಗೆ ನ್ಯಾಯಾಲಯ ಇನ್ನೊಂದು ಆದೇಶವನ್ನೂ ಮಾಡಬಹುದು. ಜೈಲಿನಿಂದ ಹೊರಗೆ ಬಂದ ಮೇಲೆ ಇಷ್ಟು ವರ್ಷ, ಹೆಚ್ಚೆಂದರೆ ಐದು, ತಾನು ಎಲ್ಲಿ ವಾಸ ಇದ್ದೇನೆ, ಜಾಗ ಬದಲಾಯಿಸಿದರೆ ಎಲ್ಲಿಗೆ ಹೋದೆ, ಊರು ಬಿಟ್ಟರೆ ಎಲ್ಲಿಗೆ ಬಿಟ್ಟೆ ಎಂದು ಅವನು ಪೊಲೀಸರಿಗೆ ತಿಳಿಸುತ್ತಿರಬೇಕು. ತಿಳಿಸದಿದ್ದರೆ ಅದೇ ಒಂದು ಅಪರಾಧ. ಕಲಮು ಬರೆದವರು ಬುದ್ಧಿವಂತರೇ. ಆದರೆ ಮನುಷ್ಯ ಅಂದಮೇಲೆ ಅವನಿಗೊಂದು ಮನೆ ಇದ್ದೇ ಇರುತ್ತದೆ ಎಂದುಕೊಂಡು ಬರೆದಿದ್ದಾರೆ.

ದಾದಾಪೀರನಿಗೆ ಮನೆ ಇರಲಿಲ್ಲ. ಅವನದು ಪಾತ್ರೆಗಳಿಗೆ ಕಲಾಯಿ ಹಾಕುವ ವಂಶ. ತಾಮ್ರ, ಹಿತ್ತಾಳೆ ಪಾತ್ರೆಯ ಒಳಗೆ ತವರ ಬಳಿಯದಿದ್ದರೆ ಹುಳಿ ಸಾರು ಕಿಲುಬುತ್ತದಲ್ಲ, ಆ ತವರ ಬಳಿಯುವ ಕೆಲಸ. ನೆಲದಲ್ಲಿ ಗುಂಡಿ ತೋಡಿ ಇದ್ದಿಲು ಉರಿಸಿ, ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ ಹತ್ತಿಯಿಂದ ಒರೆಸಿದರೆ ಬಿಳಿ ಹೊಗೆ ಎದ್ದು ಪಾತ್ರೆಯೊಳಗೆ ಬೆಳ್ಳಿ ಬಂದಂತಾಗುತ್ತದೆ. ಸ್ಟೀಲು ಬಂದ ಮೇಲೆ ಮನೆಮನೆಯ ಕೆಲಸ ಹೋಯಿತು. ಉಳಿದದ್ದು ಮಠಗಳ ದಾಸೋಹದ ದೊಡ್ಡ ಹಂಡೆಗಳು, ಶಾದಿಮಹಲಿನ ಬಿರಿಯಾನಿ ದೇಗುಗಳು, ಕಲ್ಯಾಣ ಮಂಟಪದ ಕೊಪ್ಪರಿಗೆಗಳು. ಹೀಗೆ ಕೆಲಸಕ್ಕೆಂದು ಕೊಟ್ಟ ತಾಮ್ರದ ಹಂಡೆಯನ್ನೇ ಅವನು ಹರೆಯದಲ್ಲಿ ಗುಜರಿಗೆ ಮಾರಿದ್ದ. ಒಂದು ಸಲ ಒಳಗೆ ಹೋಗಿ ಬಂದು, ಕುಡಿತದ ಚಟಕ್ಕೆ ಬಿದ್ದು ಇನ್ನೊಂದು ಸಲ ಅದನ್ನೇ ಮಾಡಿದ. ಅದನ್ನು ಮುಚ್ಚಿಟ್ಟು ನಾನು ಅವನನ್ನು ಸಾಧುಸಂತ ಮಾಡಲು ಹೋಗುವುದಿಲ್ಲ.

ಎರಡನೇ ಶಿಕ್ಷೆ ಮುಗಿಸಿ ಬಂದಾಗ ಕುಡಿತ ಬಿಟ್ಟಿದ್ದ, ಕೂದಲು ಬೆಳ್ಳಗಾಗಿತ್ತು. ಚಿತ್ರದುರ್ಗದಲ್ಲಿರುವ ಅಣ್ಣನ ಮನೆಯ ವಿಳಾಸ ಬರೆಸಿದ. ಮಾರನೇ ದಿನವೇ ಆ ಅಣ್ಣ ಠಾಣೆಗೆ ಬಂದ. "ನಮ್ಮ ಮನೇಲಿ ಮದುವೆಗೆ ಬಂದಿರೋ ಹುಡ್ಗಿ ಐತೆ ಸಾಹೇಬ್ರೆ. ಪೊಲೀಸರು ಬಾಗಿಲಿಗೆ ಬಂದ್ರೆ ಯಾರು ಮಾಡ್ಕಂತಾರೆ? ಅವನು ನನ್ನ ತಮ್ಮ ಹೌದು, ಆದ್ರೆ ನನ್ನ ಮನೇಲಿಲ್ಲ, ಬರ್ಕಳ್ರಿ" ಎಂದ. ಅವನ ಕಣ್ಣಲ್ಲೂ ನೀರಿತ್ತು. ಬರೆದುಕೊಂಡೆವು.

ಆಮೇಲೆ ದಾದಾಪೀರ್ ಬರೆಸಿದ್ದು ಚಿಕ್ಕಜಾಜೂರು ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮು. ಅಲ್ಲೇ ಮಲಗುತ್ತಿದ್ದನಾದ್ದರಿಂದ ಸುಳ್ಳೇನೂ ಹೇಳಿರಲಿಲ್ಲ. ಠಾಣೆಯಲ್ಲಿ ನಕ್ಕರು. ರೈಲ್ವೆ ಪೊಲೀಸರು ಅದು ವಾಸಸ್ಥಳವಲ್ಲ ಎಂದರು. ನಮ್ಮವರು ಅದು ನಮ್ಮ ಸರಹದ್ದಲ್ಲ ಎಂದರು. ಆಗ ನಮಗಿದ್ದ ಸಬ್ ಇನ್‌ಸ್ಪೆಕ್ಟರು ಹಳೇ ಕಾಲದವರು, ಬಾಯಿ ಬಿಟ್ಟರೆ ಬೈಗುಳ, ಆದರೆ ತಲೆ ನೆಟ್ಟಗಿತ್ತು. "ಮನುಷ್ಯ ಎಲ್ಲಿ ತಲೆ ಇಡ್ತಾನೋ ಅದೇ ಅವನ ವಾಸ ಕಣಯ್ಯ. ಪ್ಲಾಟ್‌ಫಾರ್ಮ್ ಅಂದ್ರೆ ಪ್ಲಾಟ್‌ಫಾರ್ಮ್, ಮರ ಅಂದ್ರೆ ಮರ. ಹೇಳಿದ್ನ ಬರ್ಕೋ, ಹೋಗಿ ನೋಡ್ಕೊಂಡು ಬಾ" ಎಂದು ಅವನ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದರು.

ಹೋಗಿ ನೋಡಿಕೊಂಡು ಬರುವುದು ಎಂದರೆ ಏನು ಎನ್ನುವುದೇ ನಾನು ನಿಮಗೆ ಹೇಳಬೇಕಾದ ಮಾತು. ದಾದಾಪೀರ್ ಹೊಸದುರ್ಗದ ಕಡೆಯ ಒಂದು ಊರಿನಲ್ಲಿ, ಆಲದ ಮರದ ಕೆಳಗೆ ಒಲೆ ಹೂಡಿದ್ದ. ನಿಯಮದಂತೆ ತಿಳಿಸಿದ್ದ. ಅಲ್ಲಿಯ ಬೀಟಿನ ಪೇದೆ ಯೂನಿಫಾರಮ್ಮಿನಲ್ಲಿ ಬೈಕ್ ಮೇಲೆ ಹೋಗಿ, ಹೋಟೆಲಿನ ಮುಂದೆ ನಿಂತು ಜೋರಾಗಿ ಕೇಳಿದ: "ಕಳ್ಳತನದಾಗೆ ಎರಡು ಸಲ ಒಳಗಿದ್ದು ಬಂದೋನು, ಕಲಾಯಿ ದಾದಾಪೀರ್ ಅಂತ, ಇಲ್ಲಿದಾನೇನ್ರಪ್ಪ?" ಅಷ್ಟೇ. ಹೆಂಗಸರು ಓಡೋಡಿ ಬಂದು ಅರ್ಧ ಕಲಾಯಿ ಆದ ಪಾತ್ರೆಗಳನ್ನು ಬಿಸಿಬಿಸಿಯಾಗೇ ಎತ್ತಿಕೊಂಡು ಹೋದರು. ಸಂಜೆಯೊಳಗೆ ಅವನು ಊರು ಬಿಡಬೇಕಾಯಿತು. ಬೇರೆ ಊರಿಗೆ ಹೋದ, ಅಲ್ಲಿಂದಲೂ ತಿಳಿಸಿದ, ಅಲ್ಲಿಗೂ ಯಾರೋ ಹೋಗಿ ಕೇಳಿದರು, ಅಲ್ಲಿಂದಲೂ ಓಡಿಸಿದರು.

ಒಂದು ದಿನ ನನ್ನ ಮುಂದೆ ಬಂದು ನಿಂತ. "ದಫೇದಾರ್ರೆ, ಹೇಳದಿದ್ರೆ ಜೈಲು. ಹೇಳಿದ್ರೆ ಆ ಊರು ಹೋಯ್ತು. ನೀವೇ ಹೇಳ್ರಿ, ನಾನು ಎಲ್ಲಿರ್ಲಿ?"

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದೆ ಅವನಿಗೇ ಬೈದೆ. "ಕದಿಯೋವಾಗ ಗೊತ್ತಿರಲಿಲ್ವೇನಲೇ?" ಅವನು ತಲೆ ತಗ್ಗಿಸಿ ಅಲ್ಲೇ ನಿಂತಿದ್ದ.

ಅಟ್ಟದ ಮೇಲೆ ನನ್ನ ತಾಯಿಯ ಕಾಲದ ಒಂದು ತಾಮ್ರದ ತಪ್ಪಲೆ ಬಿದ್ದಿತ್ತು. ಮುಂದಿನ ಸಲ ಅವನನ್ನು ನೋಡಿ ಬರಬೇಕಾದಾಗ ಅದನ್ನು ಚೀಲಕ್ಕೆ ಹಾಕಿಕೊಂಡು, ಪಂಚೆ ಉಟ್ಟು ಹೋದೆ. ಕಲಾಯಿಗೆ ಬಂದ ಗಿರಾಕಿಯಂತೆ ಅವನ ಒಲೆಯ ಪಕ್ಕ ಕೂತೆ. ಇದ್ದಾನೆ, ದುಡಿಯುತ್ತಿದ್ದಾನೆ, ಕುಡಿದಿಲ್ಲ. ನನಗೆ ಬೇಕಾದದ್ದು ಇಷ್ಟೇ. ಊರವರ ಕಣ್ಣಿಗೆ ನಾನೊಬ್ಬ ತಪ್ಪಲೆ ತಂದವನು. ಠಾಣೆಗೆ ಬಂದು, ವ್ಯಕ್ತಿ ಹೇಳಿದ ಸ್ಥಳದಲ್ಲೇ ಇದ್ದಾನೆ ಎಂದು ವರದಿ ಕೊಟ್ಟೆ. ಆವತ್ತಿನಿಂದ ಅದೇ ನನ್ನ ಕ್ರಮವಾಯಿತು. ಮನೆಯಲ್ಲಿ ತಪ್ಪಲೆ ಮುಗಿದು ಚರಿಗೆ, ಚರಿಗೆ ಮುಗಿದು ಕೊಳಗ, ಕೊನೆಗೆ ಅಕ್ಕಪಕ್ಕದವರ ಪಾತ್ರೆಗಳನ್ನೂ ಇಸಿದುಕೊಂಡು ಹೋಗುವಂತಾಯಿತು. ನನ್ನ ಹೆಂಡತಿ ಮೂಗು ಮುರಿದಳು. "ಪೊಲೀಸ್ ಕೆಲ್ಸ ಅಂತಿದ್ರಿ. ಇದ್ಯಾವ ಡ್ಯೂಟಿ ರೀ, ಕೊಳಗ ಹೊತ್ಕಂಡು?" ಒಂದು ಸಲ ಗಡಿಬಿಡಿಯಲ್ಲಿ ದೇವರ ಮನೆಯ ಹಿತ್ತಾಳೆ ದೀಪದ ಕಂಬವನ್ನೇ ಒಯ್ದಿದ್ದೆ. ದಾದಾಪೀರ್ ಅದನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ನೋಡಿ, ನಾನು ಕಂಡಂತೆ ಮೊದಲ ಸಲ ನಕ್ಕ. "ದೀಪದ ಕಂಬಕ್ಕೆ ಯಾರಾದ್ರೂ ಕಲಾಯಿ ಹಾಕಿಸ್ತಾರೇನ್ರಿ ದಫೇದಾರ್ರೆ? ನೋಡಿದೋರು ನನ್ನನ್ನಲ್ಲ, ನಿಮ್ಮನ್ನ ಅನುಮಾನ ಪಡ್ತಾರೆ."

ಹೀಗೆ ನಡೆಯುತ್ತ ಹೊಳಲ್ಕೆರೆ ಕಡೆಯ ಒಂದು ಮಠದಲ್ಲಿ ಅವನಿಗೆ ನೆಲೆ ಸಿಕ್ಕಿತು. ನೆಲೆ ಎಂದರೆ ವಾಸಕ್ಕಲ್ಲ. ಶ್ರಾವಣದ ಮುಂಚೆ, ಜಾತ್ರೆಯ ಮುಂಚೆ, ಅಮಾವಾಸ್ಯೆಯ ದಾಸೋಹ ಜೋರಾದಾಗ ಕರೆದು ಹಂಡೆಗಳ ಕೆಲಸ ಕೊಡುತ್ತಿದ್ದರು. ಕೊಡುತ್ತಿದ್ದವನು ದಾಸೋಹದ ಅಡುಗೆ ನೋಡಿಕೊಳ್ಳುವ ರುದ್ರಪ್ಪ. ದಪ್ಪ ಆಳು, ಮಾತು ಕಡಿಮೆ. ಕೆಲಸ ಮುಗಿಯುವವರೆಗೆ ದಾದಾಪೀರ್ ಸೌದೆಯ ಕೊಟ್ಟಿಗೆಯಲ್ಲಿ ಮಲಗುವನು, ರುದ್ರಪ್ಪನ ಜೊತೆ ಕೂತು ಉಣ್ಣುವನು. ಇವನು ಅವನನ್ನು ರುದ್ರಣ್ಣ ಎನ್ನುವನು, ಅವನು ಇವನನ್ನು ದಾದಣ್ಣ ಎನ್ನುವನು. ನಾನು ಒಮ್ಮೆ ಕೊಳಗ ಹಿಡಿದು ಅಲ್ಲಿಗೆ ಹೋದಾಗ ರುದ್ರಪ್ಪ ನನಗೂ ಎಲೆ ಹಾಕಿಸಿದ. "ಕುಂತ್ಕಳ್ರಿ, ಉಂಡು ಹೋಗ್ರಿ. ನಮ್ಮ ದಾದಣ್ಣನ ಕೈ ಅಂದ್ರೆ ಕೈ. ವರ್ಷಗಟ್ಲೆ ಕಿಲುಬಲ್ಲ" ಎಂದ. ದಾದಾಪೀರ್ ಆ ಮಾತು ಕೇಳಿ ತಿದಿ ಒತ್ತುವುದನ್ನೇ ಮರೆತು ಕೂತಿದ್ದ. ಜೈಲಿನ ವಿಷಯ ರುದ್ರಪ್ಪನಿಗೆ ಗೊತ್ತಿರಲಿಲ್ಲ.

ಕಾಲ ಬದಲಾಯಿತು. ಹಳೇ ಸಾಹೇಬರು ವರ್ಗವಾದರು. ಬಂದ ಹೊಸ ಸಬ್ ಇನ್‌ಸ್ಪೆಕ್ಟರು ವಯಸ್ಸಿನಲ್ಲಿ ಚಿಕ್ಕವರು, ಕೈ ಬಾಯಿ ಶುದ್ಧ, ಕೆಲಸದಲ್ಲಿ ಚುರುಕು. ಅವರಲ್ಲಿ ಕೆಟ್ಟತನ ಇರಲಿಲ್ಲ, ಅದನ್ನು ಒತ್ತಿ ಹೇಳುತ್ತೇನೆ. ಆದರೆ ಅವರಿಗೆ ಎಲ್ಲವೂ ಮೊಬೈಲಿನಲ್ಲಿ ಆಗಬೇಕು. ಮನೆ ನಂಬರು ಹಾಕಬೇಕು, ಮನೆಯ ಮುಂದೆ ನಿಲ್ಲಿಸಿ ಫೋಟೊ ತೆಗೆಯಬೇಕು. ಮರದ ಕೆಳಗಿರುವವನಿಗೆ ಮನೆ ನಂಬರು ಎಲ್ಲಿಂದ ತರಲಿ? ಕೊನೆಗೆ ಮದಕರಿಪುರದ ರೈತನೊಬ್ಬ ಪಂಪ್‌ಸೆಟ್ ಮನೆಯಲ್ಲಿ ಮಲಗಲು ಒಪ್ಪಿದ್ದರಿಂದ ಅದರ ಮುಂದೆಯೇ ದಾದಾಪೀರನನ್ನು ನಿಲ್ಲಿಸಿ ಫೋಟೊ ತೆಗೆದು ಕಳಿಸಿದೆ. ಮೊಬೈಲು ಒಪ್ಪಿಕೊಂಡಿತು. ಎಲ್ಲರಿಗೂ ನೆಮ್ಮದಿ.

ಆ ಶ್ರಾವಣಕ್ಕೆ ಮುಂಚೆ ಮಠದಿಂದ ಕರೆ ಬಂತು, ಅವನು ಹೋದ. ಅವನ ಫೋನಿನಲ್ಲಿ ಕರೆನ್ಸಿ ಇರುತ್ತಿರಲಿಲ್ಲ. ಎಲ್ಲಿಗೆ ಹೋದರೂ ಅಲ್ಲಿಯವರ ಫೋನು ಇಸಿದುಕೊಂಡು ನನಗೆ ತಿಳಿಸುತ್ತಿದ್ದ. ಆ ಸಲ ನಾನು ಬಂದೋಬಸ್ತಿಗೆಂದು ಬೇರೆ ಜಿಲ್ಲೆಗೆ ಹೋಗಿದ್ದೆ, ನನ್ನ ಫೋನು ಸಿಕ್ಕಲಿಲ್ಲ. ಠಾಣೆಗೆ ಮಾಡಿದ. ಯಾರೋ ಎತ್ತಿ, "ಹೂಂ, ಆಯ್ತು" ಎಂದು ಇಟ್ಟರು. ಯಾರು ಎತ್ತಿದರು ಎಂದು ಆಮೇಲೆ ಎಷ್ಟು ಕೇಳಿದರೂ ಯಾರೂ ಬಾಯಿ ಬಿಡಲಿಲ್ಲ. ಅದೇ ವಾರ ಹೊಸ ಸಾಹೇಬರು ಮದಕರಿಪುರಕ್ಕೆ ಹೋಗಿದ್ದಾರೆ. ಪಂಪ್‌ಸೆಟ್ ಮನೆಗೆ ಬೀಗ, ಒಳಗಿರಬೇಕಾದವನಿಲ್ಲ. ನಾನು ವಾಪಸು ಬರುವಷ್ಟರಲ್ಲಿ ಆದೇಶ ಉಲ್ಲಂಘಿಸಿದ್ದಾನೆಂದು ನ್ಯಾಯಾಲಯಕ್ಕೆ ವರದಿ ಹೋಗಿತ್ತು.

"ಸಾರ್, ಅವನು ಫೋನ್ ಮಾಡಿದ್ನಂತೆ" ಎಂದೆ.

"ಅಂತೆ ಕಂತೆ ಕೋರ್ಟಲ್ಲಿ ನಡೆಯಲ್ಲ ದಫೇದಾರ್ರೆ. ಫೋನ್ ಮಾಡಿದ್ದು ಕಂಡೋರಿದ್ರೆ ಬಂದು ಹೇಳ್ಲಿ" ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ.

ಕಂಡವನು ರುದ್ರಪ್ಪ ಒಬ್ಬನೇ. ಫೋನು ಅವನದು. ಉಚಿತ ಕಾನೂನು ನೆರವಿನಲ್ಲಿ ದಾದಾಪೀರನಿಗೆ ಸಿಕ್ಕಿದ್ದ ವಕೀಲರೂ ಅದನ್ನೇ ಹೇಳಿದರು: ಅಡುಗೆಯವರು ಬಂದು ಸಾಕ್ಷಿ ಹೇಳಿದರೆ ಬಿಡುಗಡೆ, ಇಲ್ಲದಿದ್ದರೆ ಮತ್ತೆ ಒಳಗೆ. ರುದ್ರಪ್ಪ ಬರಬೇಕೆಂದರೆ ಯಾಕೆ ಬರಬೇಕು ಎಂದು ಹೇಳಬೇಕು. ಹೇಳಿದರೆ ಎರಡು ಸಲ ಹಂಡೆ ಕದ್ದ ವಿಷಯವೂ ಹೊರಗೆ ಬೀಳುತ್ತದೆ.

ದಾದಾಪೀರ್ ಖಡಾಖಂಡಿತವಾಗಿ ಬೇಡ ಎಂದ. "ಜೈಲಿಗೆ ಹೋದ್ರೆ ವಾಪಸ್ ಬರ್ತೀನಿ ದಫೇದಾರ್ರೆ. ಅಲ್ಲಿ ನನಗೇನು ಹೊಸದಾ? ರುದ್ರಣ್ಣನ ಮುಂದೆ ಹೆಂಗೆ ನಿಲ್ಲಲಿ? ಅವನು ನನಗೆ ಬೀಗದ ಕೈ ಕೊಟ್ಟು ಮಲಗ್ತಾನೆ."

"ಲೇ, ಮೂರನೇ ಸಲ ಒಳಗೆ ಹೋದೋನು ಅಂತ ಆಮೇಲೆ ಗೊತ್ತಾದ್ರೆ?"

"ಗೊತ್ತಾಗೋವರೆಗಾದ್ರೂ ದಾದಣ್ಣ ಆಗಿರ್ತೀನಲ್ರಿ."

ನನ್ನ ತಲೆ ಕೆಟ್ಟುಹೋಯಿತು. ನಾನೇ ಹೋಗಿ ರುದ್ರಪ್ಪನಿಗೆ ಹೇಳಿಬಿಡಲೇ ಎಂದುಕೊಂಡೆ. ಬೈಕ್ ಹತ್ತಿ ಅರ್ಧ ದಾರಿಯವರೆಗೂ ಹೋದೆ. ರಾಮಗಿರಿ ಗುಡ್ಡ ಕಾಣುವ ಹೊತ್ತಿಗೆ ಬೈಕ್ ನಿಲ್ಲಿಸಿ ಯೋಚಿಸಿದೆ. ಅವನ ಕಳ್ಳತನಕ್ಕೆ ಅವನು ಶಿಕ್ಷೆ ಅನುಭವಿಸಿದ್ದಾನೆ. ಅವನ ಹೆಸರು ಅವನದು. ಅದನ್ನು ಒಳ್ಳೆಯದಕ್ಕೇ ಆದರೂ ಕಳೆಯಲು ನಾನು ಯಾರು? ವಾಪಸು ಬಂದು, "ನಾನು ಹೇಳಲ್ಲ ಕಣೋ. ಹೇಳೋದಿದ್ರೆ ನೀನೇ ಹೇಳ್ಬೇಕು. ಹೇಳ್ತೀಯ ಅಂದ್ರೆ ಜೊತೆಗೆ ಬರ್ತೀನಿ" ಎಂದೆ.

ವಿಚಾರಣೆಯ ಹಿಂದಿನ ದಿನ ಬೆಳಿಗ್ಗೆ ಅವನೇ ನನ್ನ ಮನೆ ಬಾಗಿಲಿಗೆ ಬಂದ. ಮುಖ ಬಾಡಿತ್ತು. "ಹೋಗಾಣ ನಡೀರಿ" ಎಂದ.

ರುದ್ರಪ್ಪ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕುಂಬಳಕಾಯಿ ಹೆಚ್ಚುತ್ತಿದ್ದ. ನಮ್ಮನ್ನು ಕಂಡು, "ಬರ್ರಿ ಬರ್ರಿ. ಏನ್ ದಾದಣ್ಣ, ಗಿರಾಕಿನೂ ಕರ್ಕೊಂಡ್ ಬಂದೀಯ" ಎಂದ.

"ಇವರು ಗಿರಾಕಿ ಅಲ್ಲ ರುದ್ರಣ್ಣ. ಪೊಲೀಸ್ನೋರು" ಎಂದು ದಾದಾಪೀರ್ ಶುರು ಮಾಡಿದ. ನಿಂತೇ ಎಲ್ಲವನ್ನೂ ಹೇಳಿದ. ಎಲ್ಲಿಯೂ ತನ್ನ ಪರ ಒಂದು ಮಾತು ಸೇರಿಸಲಿಲ್ಲ. ತಪ್ಪನ್ನು ಕುಡಿತದ ಮೇಲೂ ಹಾಕಲಿಲ್ಲ. ನಾನು ಮಧ್ಯೆ ಬಾಯಿ ಹಾಕಬೇಕೆಂದು ಎಷ್ಟು ಅನ್ನಿಸಿದರೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ.

ರುದ್ರಪ್ಪನ ಕೈ ನಿಂತಿತ್ತು. "ಕದ್ದಿದ್ದು ಏನು?" ಎಂದ.

"ತಾಮ್ರದ ಹಂಡೆ."

"ಎಲ್ಲಿಂದು?"

"ಕಲಾಯಿಗೆ ಕೊಟ್ಟಿದ್ದು."

ರುದ್ರಪ್ಪ ಎದ್ದು ಕೈ ತೊಳೆದ. ಉಗ್ರಾಣದ ಬಾಗಿಲಿಗೆ ಹೋಗಿ ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡ. ನಾನು ಅಲ್ಲಿರುವಂತೆಯೇ, ದಾದಾಪೀರನ ಕಣ್ಣೆದುರೇ. ಆಮೇಲೆ ಅವನು ನಮ್ಮ ಕಡೆ ತಿರುಗದೆಯೇ, "ನಾಳೆ ಕೋರ್ಟು ಎಷ್ಟೊತ್ತಿಗೆ?" ಎಂದು ಕೇಳಿದ.

ಬಂದ. ಬಿಳಿ ಜುಬ್ಬಾ ಹಾಕಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಸಾಕ್ಷಿ ಕಟ್ಟೆ ಹತ್ತಿದ. ಮ್ಯಾಜಿಸ್ಟ್ರೇಟ್ ಹೆಣ್ಣುಮಗಳು, ಗಡಿಬಿಡಿಯಿಲ್ಲದೆ ಕೇಳುವವರು.

"ಇವರು ನಿಮ್ಮ ಫೋನಿನಿಂದ ಮಾತಾಡಿದ್ದನ್ನು ನೀವು ನೋಡಿದ್ದೀರಾ?"

"ನೋಡೀನಿ ತಾಯಿ. ಆ ದಿನ ಒಂದೇ ಅಲ್ಲ. ಯಾವಾಗ ಮಠಕ್ಕೆ ಬಂದ್ರೂ ಚೀಲ ಇಳಿಸೋಕ್ ಮುಂಚೆ ನನ್ನ ಫೋನ್ ಇಸ್ಕೊಳ್ಳೋನು. 'ನಾನು ಇಲ್ಲಿಗೆ ಬಂದೀನಿ, ಇಲ್ಲೇ ಅದೀನಿ, ಇಂಥ ದಿನ ಹೊರಡ್ತೀನಿ' ಅಂತ ಹೇಳೋನು."

"ಯಾರಿಗೆ ಹೇಳ್ತಿದ್ದಾರೆ ಅಂತ ನಿಮಗೆ ಗೊತ್ತಿತ್ತಾ?"

"ಮನೆಯೋರಿಗೆ ಅನ್ಕೊಂಡಿದ್ದೆ ತಾಯಿ. ಕಾಯೋರು ಯಾರೋ ಅವ್ರೆ ಅನ್ಕೊಂಡಿದ್ದೆ."

ನಾನು ಹಿಂದಿನ ಬೆಂಚಿನಲ್ಲಿ ಕೂತು ಕಾಲ ಬೆರಳು ನೋಡುತ್ತಿದ್ದೆ. ಅವನು ಫೋನು ಮಾಡಿದಾಗೆಲ್ಲ ನಾನು "ಹೂಂ, ಸರಿ, ಇಡು" ಎಂದದ್ದೇ ಹೆಚ್ಚು. ಹೊಸ ಸಾಹೇಬರೂ ತಲೆ ಎತ್ತಲಿಲ್ಲ. ಮ್ಯಾಜಿಸ್ಟ್ರೇಟರು ಫೋನಿನ ಕರೆಯ ವಿವರ ನೋಡಿ, ತಿಳಿಸಬೇಕಾದ್ದನ್ನು ತಿಳಿಸಿದ್ದಾನೆ, ಮನೆ ಇಲ್ಲದಿರುವುದು ಅಪರಾಧವಲ್ಲ ಎಂದು ಬರೆಸಿ ಬಿಡುಗಡೆ ಮಾಡಿದರು.

ಹೊರಗೆ ಬಂದು ಮೂವರೂ ಟೀ ಕುಡಿದೆವು. ಲೋಟ ಇಟ್ಟ ಮೇಲೆ ರುದ್ರಪ್ಪ ಹೇಳಿದ: "ದಾದಣ್ಣ, ಇನ್ಮೇಲೆ ಮಠಕ್ಕೆ ಬರಬೇಡ. ಹಂಡೆ ನನ್ನವಾಗಿದ್ರೆ ಮಾತು ಬೇರೆ. ಅವು ದೇವರ ಅನ್ನದವು. ನಾಳೆ ಹೆಚ್ಚುಕಮ್ಮಿ ಆದ್ರೆ ನಾನು ಯಾರಿಗೆ ಏನು ಹೇಳ್ಲಿ?"

"ಸರಿ ರುದ್ರಣ್ಣ" ಎಂದ ದಾದಾಪೀರ್.

ರುದ್ರಪ್ಪ ಅವನ ಭುಜದ ಮೇಲೆ ಒಂದು ಗಳಿಗೆ ಕೈ ಇಟ್ಟು, ತಿರುಗಿ ನೋಡದೆ ಹೋದ. ನನಗೆ ಮೈಯೆಲ್ಲ ಉರಿಯಿತು. ಕಟಕಟೆಯಲ್ಲಿ ನಿಂತು ಅಂಥ ಮಾತಾಡಿದ ಬಾಯಲ್ಲೇ ಇದೂ ಬಂತಲ್ಲ ಎಂದು ಬೈಯಲು ಹೊರಟವನನ್ನು ದಾದಾಪೀರನೇ ತಡೆದ. "ಬೈಬ್ಯಾಡ್ರಿ. ಅವನು ಬಂದ್ನಲ್ಲ." ರುದ್ರಪ್ಪನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಅವನು ಮಾಡಿದ್ದು ತಪ್ಪು ಎಂದು ಹೇಳಲು ಬಾಯಿಯೂ ಬರುವುದಿಲ್ಲ. ನಾನೇ ಆ ಉಗ್ರಾಣದ ಜವಾಬ್ದಾರಿ ಹೊತ್ತಿದ್ದರೆ ಏನು ಮಾಡುತ್ತಿದ್ದೆನೋ ಯಾರಿಗೆ ಗೊತ್ತು.

ಒಂದು ಬದಲಾವಣೆ ಮಾತ್ರ ಆಯಿತು. ಹೊಸ ಸಾಹೇಬರು ಒಂದು ದಿನ ನನ್ನನ್ನು ಕರೆದು, "ದಫೇದಾರ್ರೆ, ನಮ್ಮ ಮನೇಲೂ ಒಂದು ಹಿತ್ತಾಳೆ ಕೊಳಗ ಐತೆ, ನೋಡ್ಕೊಂಡು ಬರೋಕೆ ಹೋದಾಗ ತಗೊಂಡು ಹೋಗ್ರಿ" ಎಂದರು. ನಾನು ನಗಲಿಲ್ಲ, ಅವರೂ ನಗಲಿಲ್ಲ. ಅಲ್ಲಿಂದ ಮುಂದೆ ನಮ್ಮ ಠಾಣೆಯಿಂದ ಯಾರೂ ಯೂನಿಫಾರಮ್ಮಿನಲ್ಲಿ ಅವನ ಒಲೆಯ ಹತ್ತಿರ ಹೋಗಲಿಲ್ಲ.

ಆದೇಶದ ಅವಧಿ ಇನ್ನೂ ಉಳಿದಿತ್ತು. ಮಠ ತಪ್ಪಿದ ಮೇಲೆ ದಾದಾಪೀರ್ ಹಿರಿಯೂರಿನ ಕಡೆ, ಹೊಸದುರ್ಗದ ಕಡೆ ಎಂದು ಸಿಕ್ಕಿದ ಕಡೆ ಒಲೆ ಹೂಡಿದ. ಒಮ್ಮೊಮ್ಮೆ ವಾರವಿಡೀ ಒಂದು ಪಾತ್ರೆಯೂ ಬರುತ್ತಿರಲಿಲ್ಲ. ಮೈ ಇಳಿದು ಕೆಮ್ಮು ಹಿಡಿದಿತ್ತು. ಆದರೂ ತಿಳಿಸುವುದನ್ನು ಒಂದು ಸಲವೂ ತಪ್ಪಿಸಲಿಲ್ಲ. ನಾನೂ ಫೋನಿನಲ್ಲಿ "ಇಡು" ಎನ್ನುವುದನ್ನು ಬಿಟ್ಟೆ. ಉಂಡೆಯಾ, ಕೆಮ್ಮು ಹೇಗಿದೆ ಎಂದು ಕೇಳುತ್ತಿದ್ದೆ. ಕಾನೂನಿನಲ್ಲಿ ಅದಕ್ಕೆ ಕಲಮಿಲ್ಲ, ಆದರೆ ಬೇಡ ಎಂದೂ ಎಲ್ಲೂ ಬರೆದಿಲ್ಲ.

ನಾನು ನಿವೃತ್ತನಾಗುವ ವರ್ಷದಲ್ಲೇ ಅವನ ಅವಧಿಯೂ ಮುಗಿಯಿತು. ಆ ದಿನ ಮಧ್ಯಾಹ್ನ ಚೀಲ, ತಿದಿ ಎಲ್ಲ ಹೊತ್ತುಕೊಂಡು ಠಾಣೆಗೆ ಬಂದ. ಕಾಗದದ ಕೆಲಸ ಮುಗಿಸಿ, "ಆಯ್ತಪ್ಪ, ಇವತ್ತಿಗೆ ಮುಗೀತು" ಎಂದೆ.

"ಇನ್ಮೇಲೆ ಹೇಳಬೇಕಿಲ್ವಾ?"

"ಬೇಕಿಲ್ಲ."

"ಯಾರಿಗೂ?"

"ಯಾರಿಗೂ ಬೇಕಿಲ್ಲ ಕಣೋ."

ಅವನು ತಿದಿ ಎತ್ತಿಕೊಂಡು ಹೊರಟ. ಬಸ್ ಸ್ಟ್ಯಾಂಡಿನವರೆಗೆ ನಾನೂ ಜೊತೆಗೆ ನಡೆದೆ. ಬಸ್ಸುಗಳು ಸಾಲಾಗಿ ನಿಂತಿದ್ದವು. ನನ್ನ ಬಾಯಿ ಇಷ್ಟು ವರ್ಷದ ಅಭ್ಯಾಸದಿಂದ ತಾನಾಗಿ ಕೇಳಿತು: "ಈಗ ಎಲ್ಲಿಗೆ ಹೊರಟೆ ದಾದಾ?"

ಅವನು ಚೀಲವನ್ನು ಹೆಗಲಿಗೇರಿಸಿಕೊಂಡು ನನ್ನ ಮುಖವನ್ನೇ ನೋಡಿದ. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಹೇಳಲ್ಲ ದಫೇದಾರ್ರೆ."

"ಹೇಳಬೇಡ" ಎಂದೆ. ಅವನು ಬಸ್ಸುಗಳ ಕಡೆ ನಡೆದ. ಯಾವ ಬಸ್ಸು ಹತ್ತುತ್ತಾನೆ ಎಂದು ಕಾಣಬಾರದೆಂದು ನಾನು ಬೆನ್ನು ತಿರುಗಿಸಿ ನಿಂತುಕೊಂಡೆ.